ಆ ಸಾಲು ‘1984’ ಕಾದಂಬರಿಯದಲ್ಲ

ಮೋಸವೇ ತುಂಬಿದ ಕಾಲದಲ್ಲಿ ಸತ್ಯ ಹೇಳುವುದೇ ಕ್ರಾಂತಿ ಎಂಬರ್ಥದ ಇಂಗ್ಲಿಷ್ ಸಾಲೊಂದು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಚಿತ್ರ ಹೊತ್ತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ, ‘1984’ ಕಾದಂಬರಿಯದೆಂದು. 1949ರಲ್ಲಿ ಬಂದ ಆ ಕೃತಿಯಲ್ಲಿ ಈ ಸಾಲಿಲ್ಲ. ಅವರ ಬೇರೆ ಬರಹಗಳಲ್ಲೂ ಸಿಕ್ಕಿಲ್ಲ.

ನಂಬುವುದು ಸಹಜವೇ. ಕಣ್ಗಾವಲು, ತಿದ್ದಿದ ಇತಿಹಾಸ, ಬೇಕೆಂದೇ ಕುಗ್ಗಿಸಿದ ಭಾಷೆ ಎಲ್ಲವೂ ಆ ಕಾದಂಬರಿಯಲ್ಲಿವೆ. ಇಂದಿನ ಹದಿಹರೆಯದವರ ಡಿಸ್ಟೋಪಿಯ (ದಬ್ಬಾಳಿಕೆಯ ಕರಾಳ ಸಮಾಜವನ್ನು ಕಲ್ಪಿಸುವ) ಕಥೆಗಳಿಗೂ ಅವೇ ಬಂಡವಾಳ. ಎರಡು ಮತ್ತು ಎರಡು ಸೇರಿ ನಾಲ್ಕು ಎನ್ನುವ ಸ್ವಾತಂತ್ರ್ಯವೇ ಸ್ವಾತಂತ್ರ್ಯ ಎಂದು ನಾಯಕ ವಿನ್‌ಸ್ಟನ್ ದಿನಚರಿಯಲ್ಲಿ ಬರೆಯುತ್ತಾನೆ (ಮೊದಲ ಭಾಗ, 7ನೇ ಅಧ್ಯಾಯ). ಫಾರ್ವರ್ಡ್ ಸಾಲಿಗಿಂತ ಇದೇ ಹರಿತ.

ಪರೀಕ್ಷಿಸಲು ಐದು ನಿಮಿಷ ಸಾಕು. ಆರ್ವೆಲ್ 1950ರಲ್ಲಿ ತೀರಿಕೊಂಡರು. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷ, ಅದು ಮುಗಿದಿದೆ. ಇಡೀ ಇಂಗ್ಲಿಷ್ ಪಠ್ಯ ಪ್ರಾಜೆಕ್ಟ್ ಗುಟೆನ್‌ಬರ್ಗ್ ಆಸ್ಟ್ರೇಲಿಯಾ ಎಂಬ ಜಾಲತಾಣದಲ್ಲಿ ಉಚಿತ. ತೆರೆದು ಕಂಟ್ರೋಲ್-ಎಫ್ ಒತ್ತಿ, ‘ರೆವಲ್ಯೂಷನರಿ ಆ್ಯಕ್ಟ್’ನಂಥ ಎರಡು ಪದಗಳ ತುಣುಕನ್ನು ಇಂಗ್ಲಿಷಿನಲ್ಲೇ ಹುಡುಕಿ. ಪೂರ್ತಿ ಸಾಲು ಹಾಕಬೇಡಿ. ಒಂದು ಪದ ಬೇರೆಯಾದರೂ ಫಲಿತಾಂಶ ಸೊನ್ನೆ, ಆಗ ಅಸಲಿ ಉಲ್ಲೇಖವೂ ಸುಳ್ಳೆನಿಸೀತು. ಗೂಗಲ್‌ನಲ್ಲಿ ನೂರಾರು ಕಡೆ ಕಂಡರೆ ಅದು ಪುರಾವೆಯಲ್ಲ, ನುಡಿಮುತ್ತಿನ ತಾಣಗಳು ಒಂದನ್ನೊಂದು ನಕಲು ಮಾಡುತ್ತವೆ. ಅಧ್ಯಾಯವನ್ನೋ ಪುಟವನ್ನೋ ಕೊಟ್ಟವರು ಒಬ್ಬರಾದರೂ ಇದ್ದಾರೆಯೇ ನೋಡಿ.