ಡ್ರಾಯಿಂಗ್ ಪೀರಿಯಡ್ ಎಂಬ ಸ್ಟೆಪ್ನಿ

ಮತ್ತೆ ಬಂತು ನೋಡಿ ಆ ಮೆಸೇಜು. ಪೇರೆಂಟ್ಸ್ ಗ್ರೂಪಲ್ಲಿ ಇರೋ ಯಾರಿಗೂ ಇದು ಹೊಸದಲ್ಲ ಬಿಡಿ, ಪರೀಕ್ಷೆ ಇನ್ನೂ ಎಲ್ಲೋ ಇರೋವಾಗ್ಲೇ ಪ್ರತಿ ವರ್ಷ ಬಂದೇ ಬರತ್ತೆ: 'ಪೋರ್ಷನ್ ಮುಗಿಸಬೇಕಿರುವುದರಿಂದ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಇನ್ನು ಮುಂದೆ ಆರ್ಟ್ ಪೀರಿಯಡ್ ಇರುವುದಿಲ್ಲ, ದಯವಿಟ್ಟು ಸಹಕರಿಸಿ.' ಕೆಳಗೆ ಸಾಲಾಗಿ ಕೈ ಮುಗಿಯೋ ಇಮೋಜಿ, ಹೆಬ್ಬೆರಳು, 'ಗುಡ್ ಡಿಸಿಷನ್ ಮೇಡಂ'. ಅದೇ ಗ್ರೂಪಲ್ಲಿ ಸ್ವಲ್ಪ ಮೇಲಕ್ಕೆ ಹೋದ್ರೆ ಅಡ್ಮಿಶನ್ ಬ್ರೋಷರ್ ಸಿಗತ್ತೆ, ಮುಖಪುಟದ ತುಂಬ ಮಕ್ಕಳ ಪೇಂಟಿಂಗು, ಎರಡೂ ಅಂಗೈಗೆ ಬಣ್ಣ ಮೆತ್ಕೊಂಡು ನಗ್ತಿರೋ ಹುಡುಗಿ, ಪಕ್ಕದಲ್ಲಿ 'ಸರ್ವಾಂಗೀಣ ವಿಕಾಸ'. ಫೋಟೋ ಆಗೋವರೆಗೆ ಬಣ್ಣ ಇರಲಿ, ಆಮೇಲೆ ಬೇಗ ಕೈ ತೊಳ್ಕೊಂಡು ಬಂದು ಟ್ರಿಗ್ನಾಮೆಟ್ರಿಗೆ ಕೂತ್ಕೋಮ್ಮ.

ನಾನಂತೂ ಈ ಟೈಮ್‌ಟೇಬಲ್ ಹಾಕಿದೋರ ಬುದ್ಧಿಗೆ ಮೆಚ್ಚಿದೆ. ಗಾಡಿ ಅಂದ್ಮೇಲೆ ಸ್ಟೆಪ್ನಿ ಇರ್ಬೇಕಲ್ವಾ, ಹಂಗೇ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇಟ್ಟಿದಾರೆ. ಸೈನ್ಸ್ ಪಂಕ್ಚರ್ ಆಯ್ತಾ, ಬಿಚ್ಚಿ ಹಾಕು. ಸೋಷಿಯಲ್ ಮಿಸ್ ಎರಡು ದಿನ ರಜಾ ಹಾಕಿದ್ರಾ, ಬಿಚ್ಚಿ ಹಾಕು. ಯೂನಿಟ್ ಟೆಸ್ಟ್ ಪೇಪರ್ ಕೊಡೋಕೆ, ಹಾಜರಿ ಸರಿ ಮಾಡೋಕೆ, ಡೊನೇಷನ್ ಡಬ್ಬಿ ತಗೊಂಡು ಬಂದೋರ ಭಾಷಣ ಕೇಳೋಕೆ, ಎಲ್ಲಾದಕ್ಕೂ ಅದೇ ಪೀರಿಯಡ್ಡು. ಇಷ್ಟು ಉಪಯೋಗಕ್ಕೆ ಬರೋ ಸಬ್ಜೆಕ್ಟ್ ಇನ್ನೊಂದಿಲ್ಲ, ಪಾಠ ಮಾಡೋದೊಂದು ಬಿಟ್ಟು. ಪಿಟಿ ಸಾರ್ ಪೀರಿಯಡ್ಡಿಗೂ ಇದೇ ಗತಿ ಇತ್ತು, ಆದ್ರೆ ಆಟದಲ್ಲಿ ಮೆಡಲ್ ಬರತ್ತೆ ಅಂತ ಅವ್ರನ್ನ ಈಗ ಸ್ವಲ್ಪ ಮಾತಾಡಿಸ್ತಾರೆ. ಹಾಗೆ ನೋಡಿದ್ರೆ 1912ರಿಂದ 1948ರವರೆಗೆ ಒಲಿಂಪಿಕ್ಸಲ್ಲೇ ಪೇಂಟಿಂಗಿಗೆ, ಶಿಲ್ಪಕ್ಕೆ ಮೆಡಲ್ ಕೊಡ್ತಿದ್ರು. ಆಮೇಲೆ ತೆಗೆದ್ರು. ಬಹುಶಃ ಅಲ್ಲೂ ಪೋರ್ಷನ್ ಮುಗಿದಿರಲಿಲ್ಲ.

ಇದ್ರಲ್ಲಿ ನಂಗೆ ಭಾರಿ ಇಷ್ಟವಾಗೋದು ಮ್ಯಾಥ್ಸ್ ಸಾರ್ ಬಂದು ಡ್ರಾಯಿಂಗ್ ಪೀರಿಯಡ್ ಎತ್ಕೊಂಡು ಹೋಗೋ ದೃಶ್ಯ. ದೂರ ಹೋಗ್ತಾ ಹೋಗ್ತಾ ರೈಲು ಹಳಿ ಒಂದೇ ಚುಕ್ಕೇಲಿ ಸೇರ್ಕೊಳೋ ಹಾಗೆ ಬರೀತಾರಲ್ಲ, ಆ ಪರ್ಸ್‌ಪೆಕ್ಟಿವ್ ಅನ್ನೋದು ಶುದ್ಧ ಜಾಮಿಟ್ರಿ ಸ್ವಾಮಿ. ಇಟಲಿಯ ಆಲ್ಬರ್ಟಿ ಅನ್ನೋ ಪಂಡಿತ 1435ರಲ್ಲೇ ಅದನ್ನ ಬರೆದಿಟ್ಟ, ಜರ್ಮನಿಯ ಚಿತ್ರಕಾರ ಡ್ಯೂರರ್ 1525ರಲ್ಲಿ ಚಿತ್ರಕಾರರಿಗೋಸ್ಕರ ಸ್ಕೇಲು ಕಂಪಾಸು ಹಿಡಿಯೋ ಜಾಮಿಟ್ರಿ ಪುಸ್ತಕನೇ ಅಚ್ಚು ಹಾಕಿಸಿದ. ಅಂದ್ರೆ ಮ್ಯಾಥ್ಸ್ ಸಾರ್ ಕಿತ್ಕೊಂಡು ಹೋಗ್ತಿರೋದು ಅವರದೇ ಸಬ್ಜೆಕ್ಟ್‌ನ. ಹೇಳೋರು ಯಾರು.

ಗೆಲಿಲಿಯೋ ವಿಷಯ ಬರ್ಲಿಲ್ಲ ಅಂದ್ರೆ ನಂಗೆ ಸಮಾಧಾನ ಇರಲ್ಲ, ಸ್ವಲ್ಪ ತಡ್ಕೊಳ್ಳಿ. 1609ರಲ್ಲಿ ಗೆಲಿಲಿಯೋಗಿಂತ ಕೆಲವು ತಿಂಗಳು ಮುಂಚೆನೇ ಇಂಗ್ಲೆಂಡಲ್ಲಿ ಥಾಮಸ್ ಹ್ಯಾರಿಯಟ್ ಅನ್ನೋನು ದೂರದರ್ಶಕದಲ್ಲಿ ಚಂದ್ರನ್ನ ನೋಡಿ ಚಿತ್ರ ಬರೆದಿದ್ದ. ಮ್ಯಾಥ್ಸಲ್ಲಿ ದೊಡ್ಡ ಪಂಡಿತ, ಈಗಿನ ಕಾಲದಲ್ಲಾಗಿದ್ರೆ ಫೋಟೋ ಸಮೇತ ಫ್ಲೆಕ್ಸ್ ಹಾಕಿಸ್ತಿದ್ರು. ಅವನ ಚಿತ್ರದಲ್ಲಿ ಇರೋದು ಒಂದು ವೃತ್ತ, ಬೆಳಕು ಕತ್ತಲೆ ಮಧ್ಯೆ ಒಂದು ಸೊಟ್ಟಗೆರೆ, ಅಷ್ಟೇ. ಆಮೇಲೆ ಗೆಲಿಲಿಯೋ ನೋಡಿದ. ಅವನಿಗೆ ಚಿತ್ರ ಬರೆಯೋದು ಗೊತ್ತಿತ್ತು, ಬೆಳಕು ಒಂದು ಕಡೆಯಿಂದ ಬಿದ್ರೆ ಉಬ್ಬಿನ ನೆರಳು ಎಲ್ಲಿ ಬೀಳತ್ತೆ, ಗುಂಡಿ ಒಳಗೆ ಎಲ್ಲಿ ಕಪ್ಪಾಗತ್ತೆ ಅನ್ನೋದು ಕೈಗೆ ಅಭ್ಯಾಸ ಇತ್ತು, ಹಂಗಾಗಿ ಅದೇ ಸೊಟ್ಟಗೆರೆ ನೋಡಿ ಅಯ್ಯೋ ಇದು ಬೆಟ್ಟ ಅಂದ, ಕತ್ತಲೆ ಕಡೆ ಹೊಳೀತಿದ್ದ ತುದಿಗಳನ್ನ ಹಿಡ್ಕೊಂಡು ಬೆಟ್ಟದ ಎತ್ತರನೂ ಲೆಕ್ಕ ಹಾಕಿದ, 1610ರಲ್ಲಿ ಪುಸ್ತಕ ಮಾಡಿದ. ಆಮೇಲೆ ಹ್ಯಾರಿಯಟ್ ಬರೆದ ಚಂದ್ರನಲ್ಲೂ ಕುಳಿಗಳು ಕಾಣಿಸ್ಕೊಂಡ್ವು! ಚಂದ್ರ ಏನೂ ಬದಲಾಗಿರ್ಲಿಲ್ಲ. ಶೇಡಿಂಗ್ ಕಲಿತ ಕಣ್ಣಿಗೂ ಕಲೀದೇ ಇರೋ ಕಣ್ಣಿಗೂ ಇರೋ ವ್ಯತ್ಯಾಸ ಅದು ಅಂತ ಕೆಲವು ಇತಿಹಾಸಕಾರರು ವಾದ ಮಾಡ್ತಾರೆ. ನಮ್ಮಲ್ಲಿ ಶೇಡಿಂಗ್ ಕ್ಲಾಸಿನ ದಿನ ಏನಾಗತ್ತೆ ಅಂತ ನಿಮಗೇ ಗೊತ್ತು, ಆಸ್ಟ್ರಾನಮಿ ಚಾಪ್ಟರಿನ ಕ್ವೆಶ್ಚನ್ ಆನ್ಸರ್ ಡಿಕ್ಟೇಶನ್.

ಇನ್ನು ಬಯಾಲಜಿ. ರೆಕಾರ್ಡ್ ಬುಕ್ಕಲ್ಲಿ ಡಯಾಗ್ರಾಂ ಬರೀಬೇಕು, ನೀಟಾಗಿರ್ಬೇಕು, ಲೇಬಲ್ ಬಲಗಡೆಗೇ ಇರ್ಬೇಕು, ಗೆರೆಗೆ ಸ್ಕೇಲ್ ಇಡ್ಬೇಕು. ಯಾವುದನ್ನ ನೋಡಿ ಬರೀಬೇಕು? ಹಿಂದಿನ ವರ್ಷದ ಅಕ್ಕನ ರೆಕಾರ್ಡ್ ನೋಡಿ. ಆ ಅಕ್ಕ ಬರೆದಿದ್ದು ಅವಳಿಗಿಂತ ಹಿಂದಿನ ಅಣ್ಣನ್ನ ನೋಡಿ. ಈ ಪರಂಪರೇಲಿ ಯಾವನೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಿಲ್ಲ, ಹಂಗಾಗಿ ಈರುಳ್ಳಿ ಸಿಪ್ಪೆಯ ಜೀವಕೋಶ ವರ್ಷದಿಂದ ವರ್ಷಕ್ಕೆ ಇಟ್ಟಿಗೆ ಗೋಡೆ ಆಗ್ತಾ ಬಂದಿದೆ. ಸ್ಪೇನಲ್ಲಿ ರಾಮೊನ್ ಇ ಕಾಹಾಲ್ ಅಂತ ಒಬ್ಬ ಹುಡುಗ ಇದ್ದ, ಚಿತ್ರಕಾರ ಆಗ್ತೀನಿ ಅಂದ, ಅಪ್ಪ ಆಗಲ್ಲ ಡಾಕ್ಟರ್ ಆಗು ಅಂದ. (ಕೆಲವು ಅಪ್ಪಂದಿರು ಎಲ್ಲಾ ಶತಮಾನದಲ್ಲೂ ಇರ್ತಾರೆ.) ಹುಡುಗ ಡಾಕ್ಟರ್ ಏನೋ ಆದ, ಆದ್ರೆ ಪೆನ್ಸಿಲ್ ಬಿಡ್ಲಿಲ್ಲ, ಮೈಕ್ರೋಸ್ಕೋಪ್ ನೋಡಿ ನರಕೋಶದ ಚಿತ್ರ ಬರೀತಾ ಬರೀತಾ 1906ರಲ್ಲಿ ನೊಬೆಲ್ ತಗೊಂಡ, ಆ ಚಿತ್ರಗಳು ಈಗಲೂ ಪುಸ್ತಕಗಳಲ್ಲಿ ಅಚ್ಚಾಗ್ತವೆ. ಇದನ್ನ ನಾನು ಒಬ್ಬ ಅಪ್ಪನಿಗೆ ಹೇಳ್ದೆ. 'ನೋಡಿ ಸಾರ್, ಡಾಕ್ಟರ್ ಮಾಡಿಸಿದ್ದಕ್ಕೇ ಅಲ್ವಾ ನೊಬೆಲ್ ಬಂದಿದ್ದು' ಅಂದ್ರು. ನಾನು ಕಾಫಿ ಕುಡಿದು ಎದ್ದು ಬಂದೆ.

ಹಂಗಾದ್ರೆ ಡ್ರಾಯಿಂಗ್ ಮಿಸ್‌ಗೆ ಕೆಲ್ಸ ಇಲ್ಲ ಅನ್ಕೊಂಡ್ರಾ. ಇಡೀ ಶಾಲೇಲಿ ಅವ್ರಷ್ಟು ಬ್ಯುಸಿ ಯಾರೂ ಇಲ್ಲ. 'ಮಿಸ್, ಒಂದು ಸಣ್ಣ ಕೆಲ್ಸ' ಅಂತ ಆಫೀಸಿಂದ ಕರೆ ಬರತ್ತೆ. ಚೀಫ್ ಗೆಸ್ಟ್ ಬರ್ತಿದಾರೆ, ಸ್ವಾಗತ ಬೋರ್ಡ್ ಆಗ್ಬೇಕು. ನೆಲದ ಮೇಲೆ ಕಾಲು ಚಾಚಿ ಕೂತು ಥರ್ಮಾಕೋಲಿನಲ್ಲಿ ಒಂದೊಂದೇ ಅಕ್ಷರ ಬ್ಲೇಡಲ್ಲಿ ಕೊರೀತಾರೆ, 'ಸ್ವಾ'ದ ಒತ್ತು ಕೊನೇ ಗಳಿಗೇಲಿ ಮುರಿಯತ್ತೆ, ಗುಂಡುಪಿನ್ನು ಚುಚ್ಚಿ ನಿಲ್ಲಿಸ್ತಾರೆ, ಸೀರೆ ತುಂಬ ಬಿಳಿ ಕಾಳು. ಫೈನ್ ಆರ್ಟ್ಸಲ್ಲಿ ಡಿಗ್ರಿ ಮಾಡಿದ ಹೆಣ್ಮಗಳು. ಚೀಫ್ ಗೆಸ್ಟ್ ಬಂದು ಆ ಬೋರ್ಡಿಗೆ ಬೆನ್ನು ಮಾಡಿ ನಿಂತು ಮಕ್ಕಳಲ್ಲಿ ಸೃಜನಶೀಲತೆ ಬೆಳೀಬೇಕು ಅಂತ ಮುಕ್ಕಾಲು ಗಂಟೆ ಹೇಳ್ತಾರೆ.

ಅಪ್ಪಿತಪ್ಪಿ ಒಂದು ದಿನ ಪೀರಿಯಡ್ ಅವರಿಗೇ ಸಿಗತ್ತೆ ಅನ್ಕೊಳ್ಳಿ. ಟೇಬಲ್ ಮೇಲೆ ಕುರ್ಚಿ ತಲೆಕೆಳಗು ಮಾಡಿ ಇಡ್ತಾರೆ. ಕುರ್ಚಿ ಬರೀಬೇಡಿ, ಕಾಲುಗಳ ಮಧ್ಯೆ ಖಾಲಿ ಜಾಗ ಕಾಣ್ತಿದೆಯಲ್ಲ ಅದರ ಆಕಾರ ಮಾತ್ರ ಬರೀರಿ ಅಂತಾರೆ. ಮೊದಲು ಎಲ್ರೂ ನಗ್ತಾರೆ. 'ಮಿಸ್, ಇದು ಎಕ್ಸಾಮಿಗೆ ಬರತ್ತಾ?' 'ಬರಲ್ಲ ಕಣೋ, ಬರಿ.' ಸ್ವಲ್ಪ ಹೊತ್ತಾದ್ಮೇಲೆ ಗಲಾಟೆ ತಾನಾಗೇ ನಿಲ್ಲತ್ತೆ, ಯಾಕಂದ್ರೆ ತಲೆಯೊಳಗೆ ರೆಡಿ ಇರೋ ಕುರ್ಚಿ ಇಲ್ಲಿ ಕೆಲ್ಸಕ್ಕೆ ಬರಲ್ಲ, ನೋಡ್ಲೇಬೇಕು. ಇಂಥ ದಿನ ಹಿಂದಿನ ಬೆಂಚಲ್ಲಿ ಒಬ್ಬ ಹುಡುಗ ಇರ್ತಾನೆ, ಮಿಕ್ಕ ಎಲ್ಲಾ ಪೀರಿಯಡಲ್ಲೂ ಎದ್ದು ನಿಂತು ಬೈಸ್ಕೊಳ್ಳೋನು, ಇವತ್ತು ಮಾತ್ರ ಅವನ ಶೀಟ್ ನೋಡೋಕೆ ಕ್ಲಾಸೇ ಅವನ ಸುತ್ತ ನಿಂತಿರತ್ತೆ.

ಆ ನಲವತ್ತು ನಿಮಿಷ ಕಿತ್ಕೊಂಡ್ರಲ್ಲ, ಅದರಿಂದ ನಿಮಗೆ ಸಿಕ್ಕಿದ್ದೇನು? ಮ್ಯಾಥ್ಸಿಗೆ ಆಗ್ಲೇ ವಾರಕ್ಕೆ ಆರು ಪೀರಿಯಡ್ ಇದೆ, ಬೆಳಿಗ್ಗೆ ಟ್ಯೂಷನ್ ಇದೆ, ಸಂಜೆ ಟ್ಯೂಷನ್ ಇದೆ, ಭಾನುವಾರ ಟೆಸ್ಟ್ ಇದೆ. ಅಷ್ಟರಲ್ಲಿ ಬರದೇ ಇರೋ ಲೆಕ್ಕ ಆ ಒಂದು ಪೀರಿಯಡಲ್ಲಿ ಬಂದ್ಬಿಡತ್ತಾ? ಬರಲ್ಲ, ನಿಮಗೂ ಗೊತ್ತು. ಸುಮ್ನೆ, ಕೇಳೋರಿಲ್ಲ ಅಂತ ಕಿತ್ಕೋತೀರ. ಆ ಹುಡುಗ ಚೆನ್ನಾಗಿದಾನೆ ಅನ್ನಿಸ್ಕೊಳ್ಳೋಕೆ ವಾರಕ್ಕೆ ಇದ್ದಿದ್ದು ಅದೊಂದೇ ಜಾಗ.

ಸರಿ ಬಿಡಿ. ಮಾರ್ಕ್ಸ್ ಕಾರ್ಡಲ್ಲಿ ಅನ್ಯಾಯ ಆಗಲ್ಲ, ಆರ್ಟ್ ಎಜುಕೇಶನ್ ಎದುರಿಗೆ ಎಲ್ರಿಗೂ 'ಎ ಪ್ಲಸ್'. ವರ್ಷವಿಡೀ ಪೆನ್ಸಿಲ್ ಚೂಪು ಮಾಡ್ದೇ ಇರೋನಿಗೂ ಎ ಪ್ಲಸ್, ಶಾಲೆ ಬಿಟ್ಟು ಟಿಸಿ ತಗೊಂಡೋನಿಗೂ ಎ ಪ್ಲಸ್ ಬಂದಿದ್ರೆ ಆಶ್ಚರ್ಯ ಇಲ್ಲ. ಇನ್ನು ಪೋಸ್ಟರ್ ಸ್ಪರ್ಧೆ ಅಂತ ಒಂದು ನಡೆಯತ್ತೆ, ವಿಷಯ ಯಾವಾಗ್ಲೂ ಪರಿಸರ, ಯಾವಾಗ್ಲೂ ಭೂಮಿನ ಎರಡು ಕೈ ಹಿಡ್ಕೊಂಡಿರತ್ತೆ, ಸ್ವಂತಿಕೆಗೆ ಹತ್ತು ಮಾರ್ಕ್ಸು, ಮಾದರಿ ಚಿತ್ರ ಲಗತ್ತಿಸಲಾಗಿದೆ.

ಕಾಮಿಡಿ ಶುರುವಾಗೋದು ಹೈಸ್ಕೂಲ್ ಮುಗಿದ್ಮೇಲೆ. ಮಗಳು ಡಿಸೈನ್ ಓದ್ತೀನಿ, ಆರ್ಕಿಟೆಕ್ಚರ್ ಮಾಡ್ತೀನಿ ಅಂತಾಳೆ. ಒಳ್ಳೆ ಸಂಬಳ ಬರತ್ತಂತೆ ಅಂತ ಮನೇಲಿ ಒಪ್ಕೋತಾರೆ. ಆ ಕಡೆಯೋರು ಪೋರ್ಟ್‌ಫೋಲಿಯೋ ತೋರಿಸಿ, ಡ್ರಾಯಿಂಗ್ ಟೆಸ್ಟ್ ಬರೀರಿ ಅಂತಾರೆ. ಪೋರ್ಟ್‌ಫೋಲಿಯೋ ಅಂದ್ರೆ ಸುಮಾರು ವರ್ಷ ಮಾಡಿದ ಕೆಲ್ಸ. ಸುಮಾರು ವರ್ಷ ಮಾಡಿದ್ದು ಪೋರ್ಷನ್ನು! 'ಗುಡ್ ಡಿಸಿಷನ್ ಮೇಡಂ' ಅಂದ ಅದೇ ಅಪ್ಪ ಅಮ್ಮ ಈಗ ಡ್ರಾಯಿಂಗಿಗೆ ಕೋಚಿಂಗ್ ಹುಡುಕ್ತಾರೆ. ಶಾಲೇಲಿ ಪುಕ್ಕಟೆ ಇದ್ದಿದ್ದಕ್ಕೆ ಈಗ ಕ್ರ್ಯಾಶ್ ಕೋರ್ಸು, ದಿನಕ್ಕೆ ಆರು ಗಂಟೆ, ಮಾಕ್ ಟೆಸ್ಟು, ರ‍್ಯಾಂಕು. ಅಲ್ಲಿ ಮೊದಲನೇ ದಿನ ಹೇಳ್ಕೊಡೋದೇನು ಗೊತ್ತಾ? ಎದುರಿಗಿರೋದನ್ನ ನೋಡ್ತಾ ಕೂತ್ರೆ ಟೈಮ್ ಸಾಲಲ್ಲ, ಈ ಬಾಟ್ಲು, ಈ ಕೊಡೆ, ಈ ಶೂ, ಇಷ್ಟನ್ನ ಬಾಯಿಪಾಠ ಮಾಡ್ಕೊಂಡ್ಬಿಡಿ.