ಮೂವತ್ತೇಳೂವರೆ ಡಿಗ್ರಿಯ ಸಂಸಾರ

ಕೋಳಿಮೊಟ್ಟೆ ಮರಿಯಾಗುವುದಕ್ಕೆ 37.5 ಡಿಗ್ರಿ ಸೆಲ್ಸಿಯಸ್ ಬಿಸಿ, ಹದವಾದ ತೇವ, ಉಸಿರಾಡಲು ಗಾಳಿ ಮತ್ತು 21 ದಿನಗಳ ತಾಳ್ಮೆ ಬೇಕು. ಮೊದಲ ಮೂರನ್ನು ಒಂದು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹೊಂದಿಸಿಕೊಳ್ಳಬಹುದು. ನಾಲ್ಕನೆಯದು ಕೊಪ್ಪದ ಕಡೆಯ ನಮ್ಮ ತೋಟದ ಮನೆಯಲ್ಲಿ ಯಾರ ಬಳಿಯೂ ದಾಸ್ತಾನಿರಲಿಲ್ಲ. ನಾಟಿ ಹೇಂಟೆ ಒಮ್ಮೆ ಕಾವಿಗೆ ಕೂತಿತೆಂದರೆ ಮರಿಗಳನ್ನು ದೊಡ್ಡದು ಮಾಡುವವರೆಗೆ ಮತ್ತೆ ಮೊಟ್ಟೆಯಿಡುವುದಿಲ್ಲ. ಕಾವಿನ ಕೆಲಸವನ್ನು ಪೆಟ್ಟಿಗೆಗೆ ವಹಿಸಿದರೆ ಹೇಂಟೆ ತನ್ನ ಪಾಡಿಗೆ ಮೊಟ್ಟೆಯಿಡುತ್ತಲೇ ಇರುತ್ತದೆ ಎಂಬ ಲೆಕ್ಕಾಚಾರದಿಂದ ನಾನು ಇನ್‌ಕ್ಯುಬೇಟರ್ ಕಟ್ಟಲು ಹೊರಟೆ.

ಪೆಟ್ಟಿಗೆ ತಂದುಕೊಟ್ಟವರು ನಮ್ಮ ಯಜಮಾನರು. ಮೀನಿನ ಗಾಡಿಯವನು ಐಸ್ ಹಾಕಿ ಬಂಗುಡೆ ತುಂಬುತ್ತಿದ್ದ ಪೆಟ್ಟಿಗೆ ಅದು. ಹೊರಗಿನ ಬಿಸಿಲನ್ನು ಐಸಿನ ಹತ್ತಿರ ಸುಳಿಯಗೊಡದ ಥರ್ಮೋಕೋಲ್, ಒಳಗಿನ ಬಿಸಿಯನ್ನೂ ಸುಲಭವಾಗಿ ಹೊರಗೆ ಬಿಡುವುದಿಲ್ಲವಾದ್ದರಿಂದ ಆಯ್ಕೆಯಲ್ಲಿ ದೋಷವಿರಲಿಲ್ಲ. ಆದರೆ ಸೋಪು, ನಿಂಬೆಹಣ್ಣು, ಬಿಸಿಲು ಎಲ್ಲವನ್ನೂ ಕಾಣಿಸಿದರೂ ಬಂಗುಡೆಯ ವಾಸನೆ ಜಾಗ ಖಾಲಿ ಮಾಡಲಿಲ್ಲ. ಮಳೆಗಾಲದಲ್ಲಿ ಬೆಚ್ಚಗೂ ಇರುವ, ಮೀನಿನ ಪರಿಮಳವೂ ಇರುವ ಹಾಸಿಗೆ ಸಿಕ್ಕ ಮೇಲೆ ನಮ್ಮ ಬೆಕ್ಕು ಒಲೆಯ ಬದಿಯನ್ನು ಶಾಶ್ವತವಾಗಿ ತ್ಯಜಿಸಿ, ಮುಚ್ಚಳದಲ್ಲಿ ಗಾಳಿಗೆಂದು ಕೊರೆದ ತೂತುಗಳ ಮೇಲೆಯೇ ಹೊಟ್ಟೆಯಿಟ್ಟು ಮಲಗತೊಡಗಿತು. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿದ್ದು ಒಳಗಿನ ಮರಿ ಅವುಗಳ ಮೂಲಕವೇ ಉಸಿರಾಡುತ್ತದೆ ಎಂಬುದನ್ನು ಬೆಕ್ಕಿಗೆ ತಿಳಿಸಿ ಹೇಳುವ ದಾರಿ ಇಲ್ಲದೆ, ತೂತುಗಳನ್ನೇ ಪೆಟ್ಟಿಗೆಯ ಪಕ್ಕಗಳಿಗೆ ವರ್ಗಾಯಿಸಬೇಕಾಯಿತು.

ಬಿಸಿಗೆ ಬಲ್ಬು ಬೇಕಿತ್ತು. “ಎಲ್‌ಇಡಿ ತಗೊಳ್ಳಿ ಅಕ್ಕಾ, ಬಿಲ್ಲೂ ಉಳಿಯುತ್ತೆ, ಎಷ್ಟು ಹೊತ್ತು ಉರಿದರೂ ಅಷ್ಟು ಬಿಸಿಯಾಗಲ್ಲ” ಎಂದು ಅಂಗಡಿಯ ಹುಡುಗ ಹೊಗಳಿದ. ನನಗೆ ಬಿಸಿಯೇ ಬೇಕಾಗಿದೆ, ಬೆಳಕು ಇಲ್ಲದಿದ್ದರೂ ನಡೆಯುತ್ತದೆ ಎಂದಾಗ ಅವನು ನನ್ನನ್ನು ನೋಡಿದ ರೀತಿಯೇ ಬೇರೆ. ತಂತಿ ಕಾದು ಉರಿಯುವ ಹಳೆಯ ಬಲ್ಬು ತಾನು ತಿನ್ನುವ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಬಿಸಿಯಾಗಿಯೇ ಕಳೆಯುತ್ತದೆ. ದೀಪವಾಗಿ ಅದು ದಂಡ, ಒಲೆಯಾಗಿ ಬಹಳ ಸಮರ್ಥ. ಕೊನೆಗೆ ಅಟ್ಟದ ಧೂಳಿನೊಳಗಿಂದ 40 ವ್ಯಾಟಿನ ಒಂದು ಬಲ್ಬು ಸಿಕ್ಕಿತು. ಅದನ್ನು ಥರ್ಮೋಸ್ಟಾಟಿಗೆ ಜೋಡಿಸಿ, ಹಳೆಯ ಕಂಪ್ಯೂಟರಿನ ಫ್ಯಾನನ್ನು ಪಕ್ಕದಲ್ಲಿ ಕೂರಿಸಿ, ಸೆನ್ಸರನ್ನು ಮೊಟ್ಟೆಗಳ ಮಟ್ಟಕ್ಕೆ ಇಳಿಬಿಟ್ಟಾಯಿತು. ಸೆನ್ಸರ್ ಬಲ್ಬಿನ ಹತ್ತಿರವಿದ್ದರೆ ತನಗೆ ಸೆಕೆಯಾದ ಕೂಡಲೇ ಬಲ್ಬನ್ನು ಆರಿಸಿಬಿಡುತ್ತದೆ, ಮೊಟ್ಟೆಗಳು ಚಳಿಯಲ್ಲೇ ಉಳಿಯುತ್ತವೆ.

ಮಾವಯ್ಯನವರಿಗೆ ಸೆಲ್ಸಿಯಸ್ ಒಗ್ಗುವುದಿಲ್ಲ. ಫ್ಯಾರನ್‌ಹೀಟಿನಲ್ಲಿ ಎಷ್ಟು ಎಂದು ಕೇಳಿದರು, 99.5 ಎಂದೆ. “ಅಂದ್ರೆ ಸಣ್ಣ ಜ್ವರ ಅಲ್ವೇನಮ್ಮ?” ಎಂದು ಗಾಬರಿಯಾದವರು, ಅಂದಿನಿಂದ ಕಾಫಿಗೆ ಮೊದಲು ಪೆಟ್ಟಿಗೆಯ ಜ್ವರ ವಿಚಾರಿಸುವುದನ್ನು ರೂಢಿ ಮಾಡಿಕೊಂಡರು. ಅತ್ತೆಯವರಿಗೆ ಇಂತಹ ಯಾವ ಅಳತೆಯೂ ಬೇಡ. ಅವರು ಒಂದು ಮೊಟ್ಟೆಯನ್ನೆತ್ತಿ ಕಣ್ಣರೆಪ್ಪೆಗೆ ಒತ್ತಿಕೊಂಡು “ಸಾಲದು” ಎಂದೋ “ಸಾಕು” ಎಂದೋ ತೀರ್ಪು ಕೊಡುತ್ತಿದ್ದರು. ನಗುವ ಹಾಗಿಲ್ಲ; ಈಜಿಪ್ಟಿನಲ್ಲಿ ಮಣ್ಣಿನ ಗೂಡೊಲೆಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಒಟ್ಟಿಗೆ ಕಾವು ಕೊಡುತ್ತಿದ್ದ ಕಸುಬುದಾರರು ಥರ್ಮಾಮೀಟರ್ ಇಲ್ಲದೆ ಬಿಸಿ ನೋಡುತ್ತಿದ್ದದ್ದು ಹೀಗೆಯೇ.

ಮೊಟ್ಟೆಗಳನ್ನು ದಿನಕ್ಕೆ ಕನಿಷ್ಠ ಮೂರು ಬಾರಿ ಹೊರಳಿಸಬೇಕು. ಹಳದಿ ಭಾಗ ಮೇಲಕ್ಕೆ ತೇಲುತ್ತದೆ, ಭ್ರೂಣ ಅದರ ನೆತ್ತಿಯಲ್ಲಿರುತ್ತದೆ. ಹೊರಳಿಸದೆ ಬಿಟ್ಟರೆ ಅದು ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಗುರುತಿಗೆಂದು ಒಂದು ಮಗ್ಗುಲಿಗೆ ಗುಣಾಕಾರದ ಚಿಹ್ನೆಯನ್ನೂ ಇನ್ನೊಂದಕ್ಕೆ ಸೊನ್ನೆಯನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಬೆಳಿಗ್ಗೆ ನಾನು ಸೊನ್ನೆ ಮೇಲೆ ಬರುವಂತೆ ಹೊರಳಿಸಿ ತೋಟಕ್ಕೆ ಹೋದರೆ, ನಾನು ಮರೆತಿರಬಹುದೆಂಬ ಕನಿಕರದಿಂದ ಯಜಮಾನರು ಹೊರಳಿಸುತ್ತಿದ್ದರು, ಅವರು ಮರೆತಿರುತ್ತಾರೆಂಬ ಖಾತ್ರಿಯಿಂದ ಮಗಳು ಹೊರಳಿಸುತ್ತಿದ್ದಳು, ಮಾವಯ್ಯ ಯಾರನ್ನೂ ನಂಬದೆ ತಾವೇ ಹೊರಳಿಸುತ್ತಿದ್ದರು. ನಾಲ್ಕು ಜನರ ಶ್ರಮದ ಫಲವಾಗಿ ಮೊಟ್ಟೆಗಳು ಸಂಜೆಗೆ ಮೊದಲಿದ್ದ ಮಗ್ಗುಲಲ್ಲೇ ಮಲಗಿರುತ್ತಿದ್ದವು.

ಗುಡುಗಿಗೆ ಮೊಟ್ಟೆ ಕೆಡುತ್ತದೆ ಎಂಬುದು ಅತ್ತೆಯವರ ದೃಢವಾದ ನಂಬಿಕೆ. ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವ ಪದ್ಧತಿಯನ್ನು ಅವರು ಪೆಟ್ಟಿಗೆಗೂ ಅನ್ವಯಿಸಿ, ಒಂದು ಮೊಳೆಯನ್ನು ದಾರಕ್ಕೆ ಕಟ್ಟಿ ಮುಚ್ಚಳದಿಂದ ಇಳಿಬಿಟ್ಟರು. ದಾರ ಫ್ಯಾನಿನ ಅಲಗಿಗೆ ಸುತ್ತಿಕೊಂಡು ಫ್ಯಾನು ನಿಂತಿತು. ಗಾಳಿ ಆಡದಿದ್ದರೆ ಬಿಸಿಯೆಲ್ಲ ಮೇಲೇರಿ ತಳದಲ್ಲಿ ಒಂದು ಹವೆ, ಮುಚ್ಚಳದಡಿ ಇನ್ನೊಂದು ಹವೆ ಆಗುತ್ತದೆ. ನಾನು ಕತ್ತರಿ ಹಿಡಿದು ದಾರ ಬಿಡಿಸುತ್ತಿರುವಾಗಲೇ ಗುಡುಗಿತು, ಕರೆಂಟೂ ಹೋಯಿತು. “ನೋಡಿದ್ಯಾ, ಮೊಳೆ ತೆಗೆದಿದ್ದಕ್ಕೇ” ಎಂದರು ಅತ್ತೆ. ಪೆಟ್ಟಿಗೆಗೆ ಕಂಬಳಿ ಹೊದಿಸಿದೆವು. ಮೊಟ್ಟೆಗಳು ಕೆಲವು ಗಂಟೆಗಳ ತಂಪನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ, ಹೇಂಟೆಯೂ ಮೇಯಲು ದಿನವೂ ಎದ್ದು ಹೋಗುತ್ತದಲ್ಲ. ತಡೆಯಲಾರದ್ದು 40 ಡಿಗ್ರಿಯ ಆಚೆಗಿನ ಸೆಕೆಯನ್ನು.

ವಾರದ ಕೊನೆಗೆ ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚಿಗೆ ಮೊಟ್ಟೆಯ ದಪ್ಪ ತುದಿಯನ್ನು ಹಿಡಿದು ನೋಡಿದೆವು. ಫಲಿತವಾದ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಕೆಂಪು ನರಗಳ ಬಲೆ, ನಡುವೆ ಏನೋ ಪುಟಿಯುವುದು ಕಾಣುತ್ತದೆ. ಮಗಳು ಉಸಿರು ಬಿಗಿಹಿಡಿದು ನಿಂತಳು. ಎರಡು ಮೊಟ್ಟೆಗಳು ಮಾತ್ರ ತಿಳಿನೀರಿನಂತೆ ಖಾಲಿ. ವಿಚಾರಣೆ ನಡೆದಾಗ ತಿಳಿದದ್ದು, ಪೆಟ್ಟಿಗೆಯಲ್ಲಿ ಜಾಗ ವ್ಯರ್ಥವಾಗಬಾರದೆಂದು ಮಾವಯ್ಯ ಅಂಗಡಿಯ ಬಿಳಿ ಮೊಟ್ಟೆಗಳನ್ನು ಸೇರಿಸಿದ್ದರು. ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಆ ಮೊಟ್ಟೆಗಳಿಗೆ ವರ್ಷವಿಡೀ ಕಾವು ಕೊಟ್ಟರೂ ಮರಿಯಾಗದು ಎಂದು ವಿವರಿಸುವುದು, ಮಾವನವರ ಎದುರು ಸೊಸೆಗೆ ಅಷ್ಟು ಸರಾಗವಾದ ವಿಷಯವಲ್ಲ.

ಹದಿನೆಂಟನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ, ತೇವವನ್ನು ನೂರಕ್ಕೆ 65ರ ಮೇಲಕ್ಕೆ ಏರಿಸಿ, ಮುಚ್ಚಳ ತೆರೆಯದೆ ಇರಬೇಕು. ಮಲೆನಾಡಿನ ಮಳೆಯಲ್ಲಿ ತೇವವನ್ನು ಏರಿಸುವ ಕಷ್ಟವಿಲ್ಲ, ಮುಚ್ಚಳ ಕಾಯುವುದೇ ಕಷ್ಟ. ಮೊದಲ ಮೊಟ್ಟೆಯಲ್ಲಿ ಬಿರುಕು ಬಿಟ್ಟು ಒಳಗಿಂದ ಚಿಂವ್ ಎಂದದ್ದೇ ತಡ, ಯಜಮಾನರು ಬೆರಳಿನಿಂದ ಚಿಪ್ಪು ಬಿಡಿಸಲು ಕೈಚಾಚಿದರು. ಬಿರುಕು ಕಂಡ ಮೇಲೂ ಮರಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಒಳಪೊರೆಯ ನರಗಳಲ್ಲಿ ಇನ್ನೂ ರಕ್ತವಿರುತ್ತದೆ. ಬಾಣಂತನಕ್ಕೆ ಅವಸರ ಮಾಡಬಾರದೆಂದು ಅತ್ತೆ ಗದರಿದ ಮೇಲೆ ಅವರು ಕೈ ಹಿಂತೆಗೆದುಕೊಂಡರು.

ಮರಿಗಳು ಬಂದವು, ಒಣಗಿದವು, 35 ಡಿಗ್ರಿಯ ರಟ್ಟಿನ ಡಬ್ಬಕ್ಕೆ ದಾಟಿದವು, ಬೆಳೆದವು. ಜುಟ್ಟು ಮೂಡಿದಾಗ ನೋಡಿದರೆ ಬಹುಪಾಲು ಹುಂಜಗಳು. ಮಗಳು ಲಕ್ಷ್ಮಿ ಎಂದು ಹೆಸರಿಟ್ಟಿದ್ದ ಮರಿಯೂ ಸೇರಿ. ಬಿಸಿ ಹೆಚ್ಚಾದದ್ದರಿಂದಲೇ ಹೀಗಾಯಿತೆಂದು ಮಾವಯ್ಯ ವಾದಿಸಿದರು. ಹಕ್ಕಿಗಳಲ್ಲಿ ತಾಯಿಯ ವರ್ಣತಂತು ಅದನ್ನು ಮೊಟ್ಟೆಯಿಡುವ ಮೊದಲೇ ತೀರ್ಮಾನಿಸಿರುತ್ತದೆ, ಕಾವಿನ ಬಿಸಿಯಿಂದ ಗಂಡು ಹೆಣ್ಣು ನಿರ್ಧಾರವಾಗುವುದು ಮೊಸಳೆಯಂತಹ ಜೀವಿಗಳಲ್ಲಿ ಎಂದು ನಾನು ಹೇಳಿದೆ. ಮಾವಯ್ಯ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತಾ ಕುಳಿತಿದ್ದು, “ಹಾಗಾದ್ರೆ ಮೊಸಳೆಗೆ ಎಷ್ಟು ಡಿಗ್ರಿ ಇಡಬೇಕು?” ಎಂದು ಕೇಳಿದರು.