ಕೊಟ್ಟೆ ಕಟ್ಟುವವರು ಗೂಗಲ್‌ನಲ್ಲಿ ಏನೆಂದು ಹುಡುಕುತ್ತಾರೆ?

ಅಡಿಕೆ ಕೃಷಿಯ ಬಗ್ಗೆ ಕನ್ನಡದಲ್ಲಿ ಒಂದು ವೆಬ್‌ಸೈಟ್ ನಡೆಸುತ್ತೇನೆ. ಮಳೆಗಾಲ ಹತ್ತಿರ ಬಂತೆಂದರೆ, ಅಂದರೆ ಅಡಿಕೆ ಕೊನೆಗಳಿಗೆ (ಗೊನೆಗಳಿಗೆ) ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ಹೊತ್ತಿಗೆ, ನನ್ನ ಇನ್‌ಬಾಕ್ಸಿಗೆ ಎರಡು ಬಗೆಯ ಪ್ರಶ್ನೆಗಳು ಬರುತ್ತವೆ. ಅಡಿಕೆಗೆ ಔಷಧಿ ಯಾವಾಗ ಹೊಡೆಸಬೇಕು ಎನ್ನುವುದು ಒಂದು. ಇನ್ನೊಂದು ಈಚೆಗೆ ಹೆಚ್ಚಾಗಿದೆ: "ನಿಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬರ್ತದಲ್ಲ, ನಮ್ಮದೂ ಬರೋದಕ್ಕೆ ಏನು ಮಾಡಬೇಕು?" ಜೇನು ಮಾರುವವರು, ಹೋಮ್‌ಸ್ಟೇ ನಡೆಸುವವರು, ಕಾಳುಮೆಣಸಿನ ನರ್ಸರಿಯವರು, ಒಬ್ಬ ಯಕ್ಷಗಾನ ಮೇಳದವರೂ ಕೇಳಿದ್ದಾರೆ. ಪ್ರತಿಯೊಬ್ಬರಿಗೂ ಎರಡು ಸಾಲಿನ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಇವತ್ತು ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಈ ಕೆಲಸಕ್ಕೆ ನಾನು ಇಳಿದದ್ದು ಒಂದು ಹೆದರಿಕೆಯಿಂದ. ಕೆಲವು ವರ್ಷಗಳ ಹಿಂದೆ, ಜೂನ್ ಮೊದಲ ವಾರ. ಬೆಂಗಳೂರಿನ ಕೆಲಸ ಬಿಟ್ಟು ಆಗಷ್ಟೇ ಊರಿಗೆ ಬಂದಿದ್ದೆ. ಪಕ್ಕದ ಮನೆಯ ಭಾವ ಬೇಲಿಯಾಚೆಯಿಂದಲೇ ಕೂಗಿದರು, "ತಮಾ, ನಿನ್ನ ಮೊಬೈಲಲ್ಲಿ ನೋಡಿ ಹೇಳು, ಬೋರ್ಡೋಕ್ಕೆ ಸುಣ್ಣ ಎಷ್ಟು ಹಾಕವು?" ಬೋರ್ಡೋ ಎಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿ ಮಾಡುವ, ಅಡಿಕೆ ಕೊಳೆಯದಂತೆ ಹೊಡೆಯುವ ಔಷಧಿ. ನಲವತ್ತು ವರ್ಷ ತೋಟ ಮಾಡಿದವರಿಗೆ ಅದು ಗೊತ್ತಿಲ್ಲ ಅಂತಲ್ಲ, ನನ್ನನ್ನು ಪರೀಕ್ಷೆ ಮಾಡುತ್ತಿದ್ದರು. ನಾನು ಹುಡುಕಿದೆ. ಮೇಲೆ ಬಂದವೆಲ್ಲ ಇಂಗ್ಲಿಷ್ ಪುಟಗಳು. ಅವುಗಳ ನಡುವೆ ಒಂದೇ ಒಂದು ಕನ್ನಡ ಪುಟ. ಯಾವುದೋ ಇಂಗ್ಲಿಷ್ ಲೇಖನವನ್ನು ಯಂತ್ರಕ್ಕೆ ಹಾಕಿ ಅನುವಾದಿಸಿದ್ದು. ಅದರಲ್ಲಿ ಬರೆದಿತ್ತು: ತಾಮ್ರದ ಸಲ್ಫೇಟ್ ಒಂದು ಕಿಲೋ, ನಿಂಬೆ ಒಂದು ಕಿಲೋ.

ಇಂಗ್ಲಿಷಿನಲ್ಲಿ ಸುಣ್ಣಕ್ಕೂ ಒಂದು ಜಾತಿಯ ನಿಂಬೆಗೂ ಒಂದೇ ಪದ, ಲೈಮ್. ಯಂತ್ರ ಹಣ್ಣನ್ನು ಆರಿಸಿಕೊಂಡಿತ್ತು. ಭಾವನಿಗೆ ಓದಿ ಹೇಳಿದಾಗ ಅವರು ನಗಲಿಲ್ಲ. ಸುಣ್ಣವಿಲ್ಲದ ಮೈಲುತುತ್ತದ ನೀರು ಬಿದ್ದರೆ ಎಳೆ ಅಡಿಕೆ ಸುಟ್ಟುಹೋಗುತ್ತದೆ. ಒಂದು ವರ್ಷದ ಫಸಲು ಅದು. ಭಾವನಿಗೆ ಗೊತ್ತಿತ್ತು, ನನಗೆ ಹೇಳಿಕೊಡಲು ಅವರಿದ್ದರು. ನನ್ನ ಹಾಗೆ ಊರಿಗೆ ಮರಳಿದ, ಹೇಳುವವರಿಲ್ಲದ ಹುಡುಗ ಆ ಪುಟವನ್ನು ನಂಬಿಬಿಟ್ಟಿದ್ದರೆ? ಹುಡುಕಿದಾಗ ಮೊದಲು ಬಂದದ್ದೇ ಸರಿ ಎಂದು ನಾವೆಲ್ಲ ನಂಬುತ್ತೇವಲ್ಲ.

ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಈ ಕೊಳೆರೋಗದ ವಿಷಯ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ವರದಿ ಬರೆದದ್ದು 1910ರಲ್ಲಿ. ನಮ್ಮ 'ಕೊಳೆರೋಗ' ಎಂಬ ಹೆಸರೇ ಇಂಗ್ಲಿಷ್ ಸಸ್ಯರೋಗ ಶಾಸ್ತ್ರಕ್ಕೂ ಹೋಗಿದೆ. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ದಶಕಗಳಿಂದ ಅಡಿಕೆಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಕನ್ನಡದಲ್ಲಿ ಕರಪತ್ರಗಳಿಗೆ, ಕೈಪಿಡಿಗಳಿಗೆ, ಸ್ಮರಣ ಸಂಚಿಕೆಗಳಿಗೆ ಲೆಕ್ಕವಿಲ್ಲ. ಹಾಗಿದ್ದರೆ ಗೂಗಲ್‌ಗೆ ಅದು ಯಾಕೆ ಸಿಗಲಿಲ್ಲ?

ಸಿಗದಿರುವುದಕ್ಕೆ ಕಾರಣ ನಾವೇ. ನಮ್ಮ ಕನ್ನಡದ ಬಹುಪಾಲು ಬರಹ ಇಂಟರ್ನೆಟ್ಟಿನಲ್ಲಿ ಇದ್ದೂ ಇಲ್ಲದ ಹಾಗೆ ಇದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿಟ್ಟ ಕಡತಗಳನ್ನು ತೆಗೆದು ನೋಡಿ. ಕಣ್ಣಿಗೆ ಕನ್ನಡ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಗೂಗಲ್ ಓದುವುದು ಆ ಕಲಸುಮೇಲೋಗರವನ್ನು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಆದರೂ ನಮ್ಮ ಸಂಘ, ಸೊಸೈಟಿ, ಕಚೇರಿಗಳು ಬಹಳ ವರ್ಷ ಹಳೆಯ ಫಾಂಟಿನಲ್ಲೇ ಉಳಿದವು. ಆ ತಂತ್ರಾಂಶಗಳನ್ನು ದೂರುತ್ತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡುವುದೇ ಕಷ್ಟವಿದ್ದ ಕಾಲದಲ್ಲಿ ಅವು ಮಾಡಿದ ಉಪಕಾರ ದೊಡ್ಡದು, ಈಗ ಅವುಗಳಲ್ಲೇ ಯುನಿಕೋಡ್ ಕೂಡ ಇದೆ. ನಾವು ಬದಲಾಗಲಿಲ್ಲ ಅಷ್ಟೇ. ಅದರ ಮೇಲೆ ಈಗ ಪೋಸ್ಟರ್ ಚಾಳಿ. ಒಂದು ಬಣ್ಣದ ಚಿತ್ರದ ಮೇಲೆ ಎಲ್ಲ ಮಾಹಿತಿ ಬರೆದು ವಾಟ್ಸಾಪಿಗೆ ಬಿಟ್ಟರೆ ಮುಗಿಯಿತು, ಮಾರನೇ ದಿನ ಅದು ಯಾರಿಗೂ ಸಿಗುವುದಿಲ್ಲ.

ಹಾಗಾಗಿ ನನ್ನ ವೆಬ್‌ಸೈಟ್ ಶುರುವಾಯಿತು. ಮೊದಲ ಲೇಖನಕ್ಕೆ ನಾನಿಟ್ಟ ಶೀರ್ಷಿಕೆ: 'ಅಡಿಕೆ ಬೆಳೆಯಲ್ಲಿ ಫಲ ಕೊಳೆತ ರೋಗದ ಸಮಗ್ರ ನಿರ್ವಹಣೆ'. ತಿಂಗಳುಗಟ್ಟಲೆ ಯಾರೂ ಬರಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದು ಕಂಪನಿಯವರು ಫೋನ್ ಮಾಡಿ ಮೂರು ತಿಂಗಳಲ್ಲಿ ನಂಬರ್ ಒನ್ ಮಾಡಿಕೊಡುತ್ತೇವೆ ಎಂದರು. 40,000 ರೂಪಾಯಿ ಕೊಟ್ಟೆ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ, ನಾನು ಅದನ್ನು ಓದಿದ್ದು ಆಮೇಲೆ. ಅವರು ಪುಟದ ಕೆಳಗೆ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ 'ಅಡಿಕೆ ಅಡಿಕೆ ರೋಗ ಅಡಿಕೆ ಔಷಧಿ' ಎಂದು ಐವತ್ತು ಸಲ ತುರುಕಿದ್ದರು. ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿರುವ 'ಮೆಟಾ ಕೀವರ್ಡ್' ಜಾಗದಲ್ಲೂ ಅದೇ. ಆ ಜಾಗವನ್ನು ತಾನು ರ್‍ಯಾಂಕಿಂಗ್‌ಗೆ ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಲಿಂಕುಗಳು. ಯಾವ್ಯಾವುದೋ ದೇಶದ ಜೂಜಿನ ಸೈಟುಗಳಿಂದ ನನ್ನ ಅಡಿಕೆ ಪುಟಕ್ಕೆ ನೂರಾರು ಲಿಂಕು ಕೊಂಡು ಹಾಕಿದ್ದರು.

ಲಿಂಕಿಗೆ ಬೆಲೆ ಬಂದದ್ದು ಹೇಗೆ ಎಂದು ಸ್ವಲ್ಪ ಹೇಳಬೇಕು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಕಟ್ಟಿದಾಗ ಅದರ ತಳಹದಿ ಇದೇ ಆಗಿತ್ತು. ಹೊಸ ಊರಿಗೆ ಹೋದಾಗ ಒಳ್ಳೆಯ ಡಾಕ್ಟರ್ ಯಾರು ಎಂದು ನಾಲ್ಕು ಜನರನ್ನು ಕೇಳುತ್ತೇವಲ್ಲ, ಹಾಗೆ. ಒಂದು ಪುಟ ಇನ್ನೊಂದಕ್ಕೆ ಲಿಂಕು ಕೊಟ್ಟರೆ ಅದು 'ಇವರು ಪರವಾಗಿಲ್ಲ' ಎಂದಂತೆ. ಹೇಳಿದವರು ಊರಿನಲ್ಲಿ ಮರ್ಯಾದಸ್ಥರಾದರೆ ಮಾತಿಗೆ ತೂಕ ಹೆಚ್ಚು. ಮಾತಿಗೆ ತೂಕವಿದೆ ಎಂದು ಗೊತ್ತಾದ ಕೂಡಲೇ ಅದನ್ನು ದುಡ್ಡಿಗೆ ಮಾರುವವರೂ ಹುಟ್ಟಿಕೊಂಡರು. ಅಮೆರಿಕದ ದೊಡ್ಡ ಮಳಿಗೆ ಜೆಸಿ ಪೆನ್ನಿ ಇಂಥ ಲಿಂಕುಗಳ ಬಲದಿಂದ ಹಬ್ಬದ ಸೀಸನ್ನಿನಲ್ಲಿ ಬಟ್ಟೆಯಿಂದ ಜಮಖಾನದವರೆಗೆ ಎಲ್ಲದಕ್ಕೂ ಮೊದಲು ಬರುತ್ತಿತ್ತು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಬಯಲು ಮಾಡಿತು, ಗೂಗಲ್ ಅವರನ್ನು ಕೆಳಕ್ಕೆ ತಳ್ಳಿತು. ಮರುವರ್ಷ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆ ತಂದು ಈ ದಂಧೆಗೆ ಹೊಡೆತ ಕೊಟ್ಟಿತು. ಅಷ್ಟು ದೊಡ್ಡ ಅಂಗಡಿಗೇ ದಕ್ಕದ್ದು ನನಗೆ ದಕ್ಕೀತೇ? ವೆಬ್‌ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಒಂದು ದಿನ ನೋಟೀಸು ಬಂತು, ಅಸಹಜ ಲಿಂಕುಗಳೆಂದು. ಇದ್ದಬದ್ದ ಪುಟಗಳೂ ಹುಡುಕಾಟದಿಂದ ಮಾಯವಾದವು. ಕಂಪನಿಯವರು ಫೋನ್ ಎತ್ತಲಿಲ್ಲ. ಒಂದೊಂದೇ ಲಿಂಕನ್ನು ಪಟ್ಟಿ ಮಾಡಿ, ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಗೂಗಲ್‌ಗೆ ತಿಳಿಸಿ, ಮರುಪರಿಶೀಲನೆಗೆ ಅರ್ಜಿ ಹಾಕಿ ಹೊರಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಮುಗಿದಿತ್ತು.

ಆದರೆ ಆ ಸರ್ಚ್ ಕನ್ಸೋಲೇ ನನಗೆ ದಾರಿ ತೋರಿಸಿದ್ದು. ಅದು ಗೂಗಲ್ ಪುಕ್ಕಟೆ ಕೊಡುವ ಸಾಧನ. ಜನ ಏನೆಂದು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿಕೊಂಡಿತು, ಎಷ್ಟನೇ ಸ್ಥಾನದಲ್ಲಿತ್ತು, ಎಷ್ಟು ಜನ ಒತ್ತಿದರು ಎನ್ನುವುದೆಲ್ಲ ಅದರಲ್ಲಿರುತ್ತದೆ. ಒಂದು ರಾತ್ರಿ ಅದನ್ನು ತೆರೆದು ಕೂತೆ. 'ಫಲ ಕೊಳೆತ ರೋಗ' ಎಂದು ಒಬ್ಬರೂ ಹುಡುಕಿರಲಿಲ್ಲ! 'ಕೊಳೆ ಔಷಧಿ ಮಾಡೋದು ಹೇಗೆ', 'ಬೋರ್ಡೋ ಸುಣ್ಣ ಎಷ್ಟು', 'ಮೈಲುತುತ್ತ ಸುಣ್ಣ 200 ಲೀಟರ್ ಬ್ಯಾರಲ್', 'ಕೊನೆಗೆ ಕೊಟ್ಟೆ ಕಟ್ಟುವುದು', 'ಔಷಧಿ ಹೊಡೆದ ಮೇಲೆ ಮಳೆ ಬಂದರೆ'. ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿದ್ದರು. ಅದನ್ನು ಓದುತ್ತ ಓದುತ್ತ ಕೈಯಲ್ಲಿ ಮೊಬೈಲ್ ಹಿಡಿದು ತೋಟದ ಬದಿಯಲ್ಲಿ ನಿಂತ ಜನರೇ ಕಣ್ಣಿಗೆ ಕಂಡರು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ಕಾಯುತ್ತಿದ್ದಾನೆ, ಮೋಡ ಕವಿದಿದೆ, ಅವರಿಗೆ ಈಗಲೇ ಉತ್ತರ ಬೇಕು. ನಾನು ಅವರಿಗೆ ಪರೀಕ್ಷೆಯ ಪತ್ರಿಕೆ ಬರೆದಿಟ್ಟಿದ್ದೆ.

ಎಲ್ಲವನ್ನೂ ಹೊಸದಾಗಿ ಬರೆದೆ. 'ಬೋರ್ಡೋ ದ್ರಾವಣ ಮಾಡುವುದು ಹೇಗೆ?' ಎಂದು ಶೀರ್ಷಿಕೆ. ಮೊದಲ ಸಾಲಿನಲ್ಲೇ ಉತ್ತರ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಆಮೇಲೆ ವಿವರ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಡ್ರಮ್ ಬೇಡ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಕತ್ತಿಯ ಪರೀಕ್ಷೆಯನ್ನು ಭಾವನ ಕೈಯಲ್ಲೇ ಮಾಡಿಸಿ ಫೋಟೋ ತೆಗೆದೆ.

ಪದಗಳ ವಿಷಯದಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಕೊಳೆ ಎಂದರೆ ಘಟ್ಟದ ಕೆಳಗೆ ಮಹಾಳಿ ಎನ್ನುವವರಿದ್ದಾರೆ. ನಾವು ಔಷಧಿ ಹೊಡೆಯುತ್ತೇವೆ, ಅವರು ಮದ್ದು ಬಿಡುತ್ತಾರೆ. ಬರೆಯುವಾಗಲೂ ಕೆಲವರಿಗೆ ಅಡಿಕೆ, ಕೆಲವರಿಗೆ ಅಡಕೆ. ಇವೆಲ್ಲ ಒಂದೇ ಎಂದು ಹುಡುಕುವ ಯಂತ್ರಕ್ಕೆ ಕನ್ನಡದಲ್ಲಿ ಸದಾ ಹೊಳೆಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಹಾಗಂತ ಎಲ್ಲ ಪದಗಳನ್ನೂ ಸಾಲಾಗಿ ಪೇರಿಸಬೇಡಿ, ಅದು ಮತ್ತೆ ಕಂಪನಿಯವರ ಬಿಳಿ ಅಕ್ಷರವೇ ಆಗುತ್ತದೆ. 'ಪುತ್ತೂರು ಕಡೆಯವರು ಇದಕ್ಕೆ ಮಹಾಳಿ ಎನ್ನುತ್ತಾರೆ' ಎಂದು ಮಾತಿನ ನಡುವೆ ಬಂದರೆ ಓದುವವರಿಗೂ ಹಿತ. ಹೋಮ್‌ಸ್ಟೇಯವರಿಗೂ ಇದೇ ಹೇಳುತ್ತೇನೆ: 'ಪ್ರಕೃತಿಯ ಮಡಿಲಲ್ಲಿ ಅವಿಸ್ಮರಣೀಯ ಅನುಭವ' ಎಂದು ಯಾರೂ ಹುಡುಕುವುದಿಲ್ಲ. ಯಾಣದಿಂದ ಎಷ್ಟು ದೂರ, ಮಳೆಗಾಲದಲ್ಲಿ ಕಾರು ಮನೆಯವರೆಗೆ ಬರುತ್ತದೆಯೇ, ವಯಸ್ಸಾದ ಅಪ್ಪ ಅಮ್ಮನಿಗೆ ಕೆಳಗಿನ ರೂಮ್ ಸಿಗುತ್ತದೆಯೇ ಎಂದು ಹುಡುಕುತ್ತಾರೆ. ಅದಕ್ಕೆ ಉತ್ತರ ಬರೆಯಿರಿ. ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ಜಾಗಕ್ಕೆ ಗುರುತು ಹಾಕಿ, ಫೋನ್ ನಂಬರ್ ಸರಿಯಿರಲಿ.

ತಾಂತ್ರಿಕ ಕೆಲಸಗಳೂ ಇವೆ, ಆದರೆ ಜನ ಹೆದರಿಸುವಷ್ಟು ಇಲ್ಲ. ಗೂಗಲ್ ಈಗ ಪುಟವನ್ನು ಮೊಬೈಲಿನ ರೂಪದಲ್ಲೇ ನೋಡಿ ದಾಖಲಿಸಿಕೊಳ್ಳುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಅವರ ಅಳತೆ. ನಮ್ಮ ತೋಟಗಳಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಸಿಕ್ಕರೆ ಪುಣ್ಯ, ಹಾಗಾಗಿ ದೊಡ್ಡ ಫೋಟೋಗಳನ್ನು ಕುಗ್ಗಿಸುವುದು ಗೂಗಲ್‌ಗಿಂತ ಮೊದಲು ನಮ್ಮ ಓದುಗರಿಗೆ ಮಾಡುವ ಉಪಕಾರ. ಉಳಿದದ್ದನ್ನು ಯಾವ ಕಂಪ್ಯೂಟರ್ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ.

ಹೊಸ ಬರಹ ಮೇಲೆ ಬರಲು ಏಳೆಂಟು ತಿಂಗಳು ಹಿಡಿಯಿತು. ಒಂದು ಸೊಸೈಟಿಯವರು ತಮ್ಮ ವೆಬ್‌ಸೈಟಿನಲ್ಲಿ ಕತ್ತಿ ಪರೀಕ್ಷೆಯ ಪುಟದ ಲಿಂಕು ಹಾಕಿದರು, ಕೇಳದೆಯೇ. ಆ ಒಂದು ಲಿಂಕಿಗಿರುವ ಬೆಲೆ 40,000 ರೂಪಾಯಿಯ ಆ ನೂರಾರಕ್ಕೆ ಇರಲಿಲ್ಲ.

ಈಗ ನನಗೆ ಕಳವಳ ಬೇರೆ ಇದೆ. ಎಐ ಕೈಯಲ್ಲಿ ದಿನಕ್ಕೆ ನೂರು ಕನ್ನಡ ಪುಟ ಬರೆಸಿ ತುಂಬುವವರು ಬಂದಿದ್ದಾರೆ. ಹೀಗೆ ರಾಶಿ ಹಾಕುವುದರ ವಿರುದ್ಧ ಗೂಗಲ್ 2024ರ ಮಾರ್ಚ್‌ನಲ್ಲಿ ನಿಯಮ ತಂದಿದೆ, ಸರಿ. ಆದರೆ ಕನ್ನಡದಲ್ಲಿ ತೋಟದವರೇ ಬರೆದ ಪುಟ ಇಲ್ಲದಿದ್ದರೆ ನಿಯಮ ಇಟ್ಟುಕೊಂಡು ಗೂಗಲ್ ತಾನೇ ಏನನ್ನು ಮೇಲೆ ತಂದೀತು? ಹುಡುಕಾಟದ ಮೇಲ್ಭಾಗದಲ್ಲಿ ಉತ್ತರ ಕೊಡುವ ಎಐ ಕೂಡ ಇರುವ ಪುಟಗಳಿಂದಲೇ ಹೆಕ್ಕಬೇಕು. ಖಾಲಿ ಬಿಟ್ಟ ಜಾಗದಲ್ಲಿ ನಿಂಬೆಹಣ್ಣಿನ ಬೋರ್ಡೋ ಬಂದು ಕೂರುತ್ತದೆ.

ಆದ್ದರಿಂದ ಒಂದು ಕೋರಿಕೆ. ನಿಮ್ಮ ಸಂಘದ, ಸೊಸೈಟಿಯ, ಮಠದ, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ನುಡಿಯಲ್ಲೋ ಬರಹದಲ್ಲೋ ಟೈಪಿಸಿದ ಕೃಷಿ ಲೇಖನಗಳಿದ್ದರೆ, ಬರೆದವರ ಒಪ್ಪಿಗೆ ಪಡೆದು ನನಗೆ ಕಳಿಸಿ. ಯುನಿಕೋಡ್‌ಗೆ ಬದಲಾಯಿಸಿ, ಒತ್ತಕ್ಷರ ತಿದ್ದಿ ವಾಪಸ್ ಕೊಡುತ್ತೇನೆ, ದುಡ್ಡು ಬೇಡ. ನಿಮ್ಮದೇ ವೆಬ್‌ಸೈಟಿನಲ್ಲಿ, ಬರೆದವರ ಹೆಸರಿನಲ್ಲಿ ಹಾಕಿಕೊಳ್ಳಿ. ಪುಟ ಗೂಗಲ್‌ಗೆ ಸಿಗುವುದಕ್ಕೇ ಸ್ವಲ್ಪ ದಿನ ಬೇಕು, ಹಾಗಾಗಿ ಮೇ ತಿಂಗಳು ಬರುವುದರೊಳಗೆ ಕಳಿಸಿದರೆ ಈ ಮಳೆಗಾಲದ ಹೊತ್ತಿಗೆ ಹುಡುಕುವವರಿಗೆ ಸಿಕ್ಕೀತು.